ಆಟ ಇನ್ನೂ ಬಂದಿಲ್ಲ, ಗುಟ್ಟು ಆಗಲೇ ಬಂದಿದೆ!

ಕೋಸಗಿ: ನಮ್ಮ ಕಡೆ 'ಆಟ' ಅಂದರೆ ಮೂರು ಅರ್ಥ. ಮಕ್ಕಳು ಬೀದಿಯಲ್ಲಿ ಆಡುವುದು ಆಟ. ಜಾತ್ರೆಗೆ ರಾತ್ರಿಯಿಡೀ ಕುಣಿಯುವ ಬಯಲಾಟವೂ ಆಟ. ಟಾಕೀಸಿನಲ್ಲಿ ಮಾರ್ನಿಂಗ್ ಷೋ, ಮ್ಯಾಟಿನಿ ಅಂತ ನಡೆಯುವುದೂ ಆಟವೇ. ತೆಲುಗಿನಲ್ಲಿ ಹೇಳಿದರೂ ಅದೇ ಮಾತು, ಕನ್ನಡದಲ್ಲಿ ಹೇಳಿದರೂ ಅದೇ ಮಾತು. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಮೊಬೈಲಿನೊಳಗಿನ ಆಟ.

ಈ ನಾಲ್ಕನೆಯ ಆಟದ ಬಗ್ಗೆ ಬರೆಯಲು ನೀನ್ಯಾರಪ್ಪ ಅಂತ ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಓದಿದ್ದು ಬಿ.ಎ., ಅದೂ ಇತಿಹಾಸ. ವಯಸ್ಸು ಐವತ್ತು ದಾಟಿ ಬಹಳ ದಿನವಾಯಿತು. ಮೊಬೈಲಿನಲ್ಲಿ ನಾನು ಆಡಿದ ಒಂದೇ ಆಟ ಎಂದರೆ ಹಳೆಯ ನೋಕಿಯಾ ಫೋನಿನ ಹಾವಿನ ಆಟ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಒಬ್ಬ ಹುಡುಗ ನನ್ನನ್ನು ಒಂದು ಪ್ರಶ್ನೆ ಕೇಳಿದ್ದ. ಉತ್ತರ ಗೊತ್ತಿಲ್ಲದೆ ನಾನು ನಗಾಡಿ ಕಳಿಸಿದ್ದೆ.

ಅದು 2021ರ ಜೂನ್ ತಿಂಗಳು. ಕೊರೊನಾ ಎರಡನೇ ಅಲೆ. ಶಾಲೆ ಬಾಗಿಲು ಹಾಕಿತ್ತು. ನಮ್ಮ ಓಣಿಯ ಒಂದು ಸಂಸಾರ ಪ್ರತಿ ವರ್ಷದಂತೆ ಸುಗ್ಗಿಗೆ ಅಂತ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿ, ಯುಗಾದಿಯ ಹೊತ್ತಿಗೆ ವಾಪಸು ಬಂದಿತ್ತು. ತಂದ ದುಡ್ಡಿನಲ್ಲಿ ಅಪ್ಪ ಮಗನಿಗೆ ಆನ್‌ಲೈನ್ ಪಾಠಕ್ಕೆಂದು ಒಂದು ಫೋನು ಕೊಡಿಸಿದ್ದ. ಹುಡುಗ ಒಂಬತ್ತನೇ ಕ್ಲಾಸು. ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತು ಕೇಳಿದ:

"ಮಾಮ, ಅರ್ಲಿ ಆಕ್ಸೆಸ್ ಅಂದ್ರ ಏನು? ಸ್ಲಾಟ್ ಫುಲ್ ಅಂತ ಬರಾಕತ್ತೈತಿ."

"ಮುಂಚಿತ ಪ್ರವೇಶ ಅಂತ ಅರ್ಥ ಕಣೋ" ಎಂದೆ. ಡಿಕ್ಷನರಿಯ ಅರ್ಥ. ಹುಡುಗ ನಕ್ಕು ಎದ್ದು ಹೋದ.

ನಾಲ್ಕು ದಿನ ಬಿಟ್ಟು ಯಾವುದೋ ವಾಟ್ಸಪ್ ಗುಂಪಿನಲ್ಲಿ ಅವನಿಗೆ ಒಂದು ಲಿಂಕ್ ಸಿಕ್ಕಿತು. 'ಸ್ಲಾಟ್ ಬೇಕಿಲ್ಲ, ನೇರ ಆಟ, ಇವತ್ತೇ ಆಡಿ' ಅಂತ. ಮೊದಲು ಸಣ್ಣ ಮೊತ್ತ ಕೇಳಿದರು. ಆಮೇಲೆ ಇನ್ನೊಂದು ಸಲ ಕೇಳಿದರು. ಒಟ್ಟು 1,450 ರೂಪಾಯಿ ಅಪ್ಪನ ಖಾತೆಯಿಂದ ಹೋಯಿತು. ಬಂದ ಫೈಲು ತೆರೆಯಲಿಲ್ಲ. ಫೋನಿನ ತುಂಬ ಜಾಹೀರಾತು ತುಂಬಿಕೊಂಡು ಕೊನೆಗೆ ಫೋನೇ ನಿಂತುಹೋಯಿತು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಎಷ್ಟು ಮೂಟೆ ಕಾಯಿ ಬಿಡಿಸಿದರೆ ಇಷ್ಟು ದುಡ್ಡಾಗುತ್ತದೆ ಅಂತ ಬೆರಳು ಮಡಚಿ ಎಣಿಸಿದ. ಅದನ್ನು ನೋಡಿದ ಮೇಲೆ ನಾನು ಈ ವಿಷಯ ತಿಳಿದುಕೊಳ್ಳಲು ಶುರು ಮಾಡಿದೆ.

ತಾಲೀಮಿಗೆ ಟಿಕೆಟ್ಟು!

ಹುಡುಗ ಕೇಳಿದ ಆಟ ಯಾವುದೆಂದು ನೀವು ಊಹಿಸಿರುತ್ತೀರಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಚೀನಾ ನಂಟಿನ ಆ್ಯಪ್‌ಗಳನ್ನು ನಿಷೇಧಿಸಿತು. ಆಮೇಲೆ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಭಾರತಕ್ಕೆಂದೇ ತಿದ್ದಿ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ತಂದಿತು. ಹುಡುಗರ ಬಾಯಲ್ಲಿ ಬಿಜಿಎಂಐ. 2021ರ ಮೇ 18ರಿಂದ ಗೂಗಲ್ ಪ್ಲೇ ಸ್ಟೋರಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದಿತ್ತು. ಜೂನ್ 17ರಂದು 'ಅರ್ಲಿ ಆಕ್ಸೆಸ್' ಎಂದು ಬಾಗಿಲು ತೆರೆದರು. ಎಲ್ಲರಿಗೂ ಅಲ್ಲ, ಇಷ್ಟು ಜನಕ್ಕೆ ಮಾತ್ರ ಅಂತ. ತುಂಬಿದ ಮೇಲೆ ಮುಚ್ಚುವುದು, ಮತ್ತೆ ಸ್ವಲ್ಪ ತೆರೆಯುವುದು, ಹೀಗೆ ನಡೆಯಿತು. ಜುಲೈ 2ಕ್ಕೆ ಆಂಡ್ರಾಯ್ಡ್ ಫೋನಿನವರಿಗೆಲ್ಲ ಪೂರ್ತಿ ಬಿಡುಗಡೆ. ಅಂದರೆ ನಮ್ಮ ಓಣಿಯ ಹುಡುಗ ಎರಡು ವಾರ ತಡೆದಿದ್ದರೆ ಕಾಸು ಖರ್ಚಿಲ್ಲದೆ ಅದೇ ಆಟ ಸಿಗುತ್ತಿತ್ತು.

ಆ ಎರಡು ವಾರವನ್ನು ಯಾಕೆ ತಡೆಯಲಾಗಲಿಲ್ಲ? ಇದು ಮುಖ್ಯವಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅರ್ಲಿ ಆಕ್ಸೆಸ್ ಅಂದರೇನು ನೋಡೋಣ.

ಬಯಲಾಟ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಊರಲ್ಲಿ ಆಟ ಕಟ್ಟಬೇಕಾದರೆ ಎರಡು ಮೂರು ತಿಂಗಳು ರಾತ್ರಿ ತಾಲೀಮು ನಡೆಯುತ್ತದೆ. ಮಾಸ್ತರು ಹಾರ್ಮೋನಿಯಂ ಹಿಡಿದು ಕೂತಿರುತ್ತಾರೆ. ವೇಷ ಇಲ್ಲ, ಕಿರೀಟ ಇಲ್ಲ. ಭೀಮ ಲುಂಗಿಯಲ್ಲೇ ಗದೆ ತಿರುಗಿಸುತ್ತಾನೆ, ದ್ರೌಪದಿಗೆ ಮೀಸೆ ಇರುತ್ತದೆ. ಊಟ ಮುಗಿಸಿ ಬಂದ ಊರಿನವರು ಸುತ್ತ ಕೂತು ನೋಡುತ್ತಾರೆ. "ಅಲ್ಲಿ ತಾಳ ತಪ್ಪಿತು", "ಆ ಮಾತು ಉದ್ದ ಆತು, ಕಡಿಮಿ ಮಾಡ್ರಿ" ಅಂತ ಹೇಳುತ್ತಾರೆ. ಮಾಸ್ತರು ಕೆಲವನ್ನು ಕೇಳುತ್ತಾರೆ, ಕೆಲವನ್ನು ಬಿಡುತ್ತಾರೆ. ಅರ್ಲಿ ಆಕ್ಸೆಸ್ ಎಂದರೆ ಈ ತಾಲೀಮೇ. ಪೂರ್ತಿಯಾಗದ ಆಟವನ್ನು ಆಡಲು ಬಿಟ್ಟು, ಎಲ್ಲಿ ಕುಂಟುತ್ತದೆ ಎಂದು ಆಡುವವರಿಂದಲೇ ತಿಳಿದುಕೊಳ್ಳುವುದು. ಒಂದೇ ವ್ಯತ್ಯಾಸ, ಕಂಪ್ಯೂಟರ್ ಆಟಗಳಲ್ಲಿ ಈ ತಾಲೀಮಿಗೂ ಟಿಕೆಟ್ಟು ಇರುತ್ತದೆ.

ಈ ಟಿಕೆಟ್ಟಿನ ಉಪಾಯ ಚೆನ್ನಾಗಿ ಗೆದ್ದಿದ್ದು 'ಮೈನ್‌ಕ್ರಾಫ್ಟ್' ಎಂಬ ಆಟದಲ್ಲಿ. ಸ್ವೀಡನ್ನಿನ ಒಬ್ಬ ಪ್ರೋಗ್ರಾಮರ್ 2009ರಲ್ಲಿ ಅರ್ಧಂಬರ್ಧ ಆಟವನ್ನೇ ಕಡಿಮೆ ಬೆಲೆಗೆ ಮಾರಲು ಶುರು ಮಾಡಿದ. ಆಟ ಪೂರ್ತಿಯಾಗಿ ಬಿಡುಗಡೆಯಾದದ್ದು 2011ರ ನವೆಂಬರಿನಲ್ಲಿ. ಅಷ್ಟರಲ್ಲೇ ಲಕ್ಷಾಂತರ ಜನ ಕೊಂಡಾಗಿತ್ತು. ಇದನ್ನು ನೋಡಿ, ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ 'ಸ್ಟೀಮ್' 2013ರ ಮಾರ್ಚಿನಲ್ಲಿ 'ಅರ್ಲಿ ಆಕ್ಸೆಸ್' ಎಂಬ ಹೆಸರಿನಲ್ಲೇ ಒಂದು ವಿಭಾಗ ತೆರೆಯಿತು.

ನಮ್ಮ ಹುಡುಗರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಮೂಲ ಪಬ್‌ಜಿಯೇ ಅರ್ಲಿ ಆಕ್ಸೆಸ್‌ನಲ್ಲಿ ಹುಟ್ಟಿದ ಕೂಸು. 2017ರ ಮಾರ್ಚಿನಲ್ಲಿ ಸ್ಟೀಮ್‌ಗೆ ಬಂದಾಗ ಅದು ಅರೆಬೆಂದ ಆಟ, ಕಂಪ್ಯೂಟರಿಗೆ ಮಾತ್ರ. ಡಿಸೆಂಬರಿನಲ್ಲಿ ಪೂರ್ತಿ ಬಿಡುಗಡೆಯಾಗುವ ಮೊದಲೇ ಜಗತ್ತನ್ನೆಲ್ಲ ಹಿಡಿದಾಗಿತ್ತು. ಫೋನಿಗೆ ಬಂದದ್ದು 2018ರಲ್ಲಿ.

ಬೆನಿಫಿಟ್ ಷೋ ಬೇರೆ, ತಾಲೀಮು ಬೇರೆ

ಇಲ್ಲೊಂದು ಗೊಂದಲ ಇದೆ. ಈಚೆಗೆ ದೊಡ್ಡ ಕಂಪನಿಗಳು ಇನ್ನೊಂದು ದಾರಿ ಹಿಡಿದಿವೆ. ಆಟ ಪೂರ್ತಿ ಸಿದ್ಧವಾಗಿರುತ್ತದೆ. ಆದರೆ ಹೆಚ್ಚು ದುಡ್ಡು ಕೊಟ್ಟವರಿಗೆ ಮೂರು ದಿನವೋ ಐದು ದಿನವೋ ಮೊದಲು ಬಾಗಿಲು ತೆರೆಯುತ್ತಾರೆ. 'ಸ್ಟಾರ್‌ಫೀಲ್ಡ್' ಎಂಬ ಆಟ ಎಲ್ಲರಿಗೂ ಸಿಕ್ಕಿದ್ದು 2023ರ ಸೆಪ್ಟೆಂಬರ್ 6ಕ್ಕೆ. ಹೆಚ್ಚಿನ ಬೆಲೆಯ ಆವೃತ್ತಿ ಕೊಂಡವರಿಗೆ ಸೆಪ್ಟೆಂಬರ್ 1ಕ್ಕೇ ಸಿಕ್ಕಿತು. ಇದನ್ನೂ ಕೆಲವರು ಅರ್ಲಿ ಆಕ್ಸೆಸ್ ಎಂದೇ ಕರೆಯುತ್ತಾರೆ. ನನ್ನ ಪ್ರಕಾರ ಇದು ತಾಲೀಮಲ್ಲ, ತೆಲುಗು ಸಿನಿಮಾದ ಬೆನಿಫಿಟ್ ಷೋ. ಮೊದಲು ನೋಡಿದೆವು ಎಂಬ ಮಾತಿಗೆ ಕೊಡುವ ಬೆಲೆ.

ಆ ಮಾತಿಗೆ ನಮ್ಮ ಜನ ಎಂಥ ಬೆಲೆ ತೆರುತ್ತಾರೆ ಎಂದು ಬೇರೆ ಹೇಳಬೇಕೇ? 2024ರ ಡಿಸೆಂಬರ್ 4ರ ರಾತ್ರಿ ಹೈದರಾಬಾದಿನ ಸಂಧ್ಯಾ ಥಿಯೇಟರಿನಲ್ಲಿ 'ಪುಷ್ಪ 2' ಪ್ರೀಮಿಯರಿನ ನೂಕುನುಗ್ಗಲಿಗೆ ಸಿಕ್ಕಿ ಒಬ್ಬ ತಾಯಿ ಸತ್ತೇ ಹೋದರು. ಮಾರನೇ ದಿನ ಅದೇ ಸಿನಿಮಾ ಎಲ್ಲ ಊರಲ್ಲೂ ಇತ್ತು.

ಇನ್ನು, ಮೊದಲು ನೋಡಿದವನು ಸುಮ್ಮನಿರುತ್ತಾನೆಯೇ? ಇಂಟರ್ವಲ್ಲಿನಲ್ಲೇ ಫೋನು ಮಾಡುತ್ತಾನೆ. ಆಟಗಳಲ್ಲೂ ಹಾಗೆಯೇ. ಹೆಚ್ಚು ದುಡ್ಡು ಕೊಟ್ಟು ಮೊದಲು ಒಳಗೆ ಹೋದವನು ರಾತ್ರಿಯಿಡೀ ಆಡಿ, ಕೊನೆಯ ದೃಶ್ಯವನ್ನು ಯೂಟ್ಯೂಬಿಗೆ ಏರಿಸುತ್ತಾನೆ. ವಿಡಿಯೋದ ಮೇಲಿನ ಚಿತ್ರದಲ್ಲೇ ಯಾರು ಸತ್ತರು, ಯಾರು ದ್ರೋಹಿ ಎಂದು ಕಾಣುವಂತೆ ಹಾಕುತ್ತಾನೆ. ನೀವು ನೋಡದಿದ್ದರೂ ಕಣ್ಣಿಗೆ ಬೀಳುತ್ತದೆ. ಇದಕ್ಕೇ 'ಸ್ಪಾಯ್ಲರ್' ಎನ್ನುವುದು. ಕನ್ನಡದಲ್ಲಿ ರಸಭಂಗ ಎನ್ನಬಹುದು. ನಮ್ಮ ಕಡೆಯ ಮಾತಿನಲ್ಲಿ ಗುಟ್ಟು ಒಡೆಯುವುದು.

ಗಡಿಯವರಿಗೆ ಮೊದಲೇ ಗೊತ್ತು!

ಗುಟ್ಟು ಒಡೆಯುವ ವಿದ್ಯೆಯಲ್ಲಿ ಗಡಿಯವರಾದ ನಮ್ಮನ್ನು ಮೀರಿಸುವವರಿಲ್ಲ. ಎರಡು ಭಾಷೆ ಬಲ್ಲವರಿಗೆ ಒಂದೇ ಕಥೆ ಎರಡು ಸಲ ಬರುತ್ತದೆ. ಒಂದು ಕಡೆ ಮೊದಲು, ಇನ್ನೊಂದು ಕಡೆ ಆಮೇಲೆ.

ನಾನು ಹೈಸ್ಕೂಲಿನಲ್ಲಿದ್ದಾಗ ಯಂಡಮೂರಿ ವೀರೇಂದ್ರನಾಥರ 'ತುಳಸಿದಳಂ' ತೆಲುಗು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮನೆಮನೆಯಲ್ಲಿ ಹೆಸರಾಗಿತ್ತು. ಆಮೇಲೆ ಅದು ಕನ್ನಡಕ್ಕೆ ಬಂತು, 1985ರಲ್ಲಿ 'ತುಳಸೀದಳ' ಎಂದು ಕನ್ನಡ ಸಿನಿಮಾವೂ ಆಯಿತು. ಬಳ್ಳಾರಿಯ ನಮ್ಮ ನೆಂಟರ ಮನೆಗೆ ಹೋದರೆ ನನಗೆ ರಾಜಮರ್ಯಾದೆ. "ಮುಂದೇನಾಗ್ತೈತಿ ಹೇಳೋ" ಅಂತ ಅತ್ತೆ ಮಿರ್ಚಿ ಬಜ್ಜಿ ಮಾಡಿ ಕೊಡುತ್ತಿದ್ದಳು. ಮಾವ ಮಾತ್ರ "ಹೇಳಿದರೆ ನೋಡು" ಅಂತ ಗದರುತ್ತಿದ್ದ. ಒಂದೇ ಮನೆಯಲ್ಲಿ ಎರಡು ಪಕ್ಷ. ಇವತ್ತಿಗೂ ಜಗತ್ತು ಹಾಗೇ ಇದೆ. ಅರ್ಧ ಜನಕ್ಕೆ ಮೊದಲೇ ತಿಳಿಯಬೇಕು, ಇನ್ನರ್ಧ ಜನಕ್ಕೆ ತಿಳಿಯಲೇಬಾರದು.

ಇನ್ನೊಂದು, 2004ರ 'ಆಪ್ತಮಿತ್ರ'. ನಟಿ ಸೌಂದರ್ಯ ಅದೇ ವರ್ಷ ಏಪ್ರಿಲಿನಲ್ಲಿ ತೀರಿಕೊಂಡ ಮೇಲೆ ತೆರೆ ಕಂಡ ಚಿತ್ರ. ಅದರ ನಾಗವಲ್ಲಿ ಮಾತಾಡುವುದು ತೆಲುಗು! ಬೆಂಗಳೂರಿನವರು ಅಕ್ಕಪಕ್ಕ ಕೇಳಿ ತಿಳಿದುಕೊಂಡಿರಬೇಕು, ನಾವು ಬಳ್ಳಾರಿಯ ಟಾಕೀಸಿನಲ್ಲಿ ಕೂತು ಸಲೀಸಾಗಿ ಕೇಳಿದೆವು. ಮರುವರ್ಷ ಏಪ್ರಿಲಿನಲ್ಲಿ ರಜನೀಕಾಂತರ 'ಚಂದ್ರಮುಖಿ' ತೆಲುಗಿನಲ್ಲಿ ಬಂದಾಗ ಊರಿನ ಅರ್ಧ ಜನಕ್ಕೆ ಕೋಣೆಯ ಬೀಗದ ಹಿಂದಿನ ಗುಟ್ಟು ಗೊತ್ತು. ಆ ಗುಟ್ಟು ಏನೆಂದು ಇಲ್ಲಿ ಬರೆಯುವುದಿಲ್ಲ. ಇನ್ನೂ ನೋಡದ ಹುಡುಗರು ಯಾರಾದರೂ ಇರಬಹುದು.

2014ರಲ್ಲಿ ಕನ್ನಡದ 'ದೃಶ್ಯ' ಜೂನಿನಲ್ಲಿ ಬಂತು, ತೆಲುಗಿನ 'ದೃಶ್ಯಂ' ಜುಲೈನಲ್ಲಿ. ಮಧ್ಯೆ ಮೂರು ವಾರ. ಆ ಮೂರು ವಾರ ನನ್ನ ಗೆಳೆಯನೊಬ್ಬ ನನ್ನ ಜೊತೆ ರೈಲಿನಲ್ಲಿ ಕೂರಲೇ ಇಲ್ಲ, ನಾನು ಎಲ್ಲಿ ಹೇಳಿಬಿಡುತ್ತೇನೋ ಅಂತ.

ಇವೆಲ್ಲ ನಗೆಮಾತು. ಯಾರಿಗೂ ನಷ್ಟವಿಲ್ಲ. ಬಿಡುಗಡೆಯೇ ಆಗದ ಕಥೆ ಹೊರಗೆ ಬಂದಾಗ ವಿಷಯ ಬೇರೆಯಾಗುತ್ತದೆ.

ಆ ಸಪ್ಟೆಂಬರಿನ ಸಿ.ಡಿ.

2013 ನೆನಪಿದೆಯೇ? ಸಮೈಕ್ಯಾಂಧ್ರ ಚಳವಳಿಯ ಕಾಲ. ಬಂದ್ ಮೇಲೆ ಬಂದ್. ಪವನ್ ಕಲ್ಯಾಣರ 'ಅತ್ತಾರಿಂಟಿಕಿ ದಾರೇದಿ' ಆಗಸ್ಟಿನಲ್ಲಿ ಬರಬೇಕಾದದ್ದು ಗಲಾಟೆಯಿಂದ ಮುಂದೆ ಹೋಗಿ ಅಕ್ಟೋಬರ್ 9 ಅಂತ ಆಗಿತ್ತು. ಸೆಪ್ಟೆಂಬರ್ 22ರಂದು ಚಿತ್ರದ ಮೊದಲ ಭಾಗ, ಹತ್ತಿರ ಹತ್ತಿರ ಒಂದೂವರೆ ಗಂಟೆಯಷ್ಟು, ಇಂಟರ್ನೆಟ್ಟಿನಲ್ಲಿತ್ತು. ಕೃಷ್ಣಾ ಜಿಲ್ಲೆಯ ಪೆಡನದಲ್ಲಿ ಸಿ.ಡಿ. ಮಾರಾಟ ನಡೆದದ್ದು ಪೊಲೀಸರಿಗೆ ಸಿಕ್ಕಿತು. ಜಾಡು ಹಿಡಿದು ಹೋದಾಗ ತಿಳಿದದ್ದು, ಚಿತ್ರತಂಡದ ಸಹಾಯಕನೊಬ್ಬ ಗೆಳೆಯನಿಗೆ ಅಂತ ಕೊಟ್ಟ ಪ್ರತಿಯೇ ಕೈಯಿಂದ ಕೈಗೆ ಹೋಗಿ ಅಂಗಡಿ ಮುಟ್ಟಿತ್ತು. ಆ ಕೈಗಳಲ್ಲಿ ಪೊಲೀಸ್ ಇಲಾಖೆಯವರ ಕೈಯೂ ಒಂದಿತ್ತು.

ನಿರ್ಮಾಪಕರು ಕಾಯಲಿಲ್ಲ. ಬಿಡುಗಡೆಯನ್ನು ಹಿಂದಕ್ಕೆ ತಂದು ಸೆಪ್ಟೆಂಬರ್ 27ಕ್ಕೇ ಚಿತ್ರ ತೆರೆಗೆ ಹಾಕಿದರು. ಜನ ಮುಗಿಬಿದ್ದು ನೋಡಿದರು, ಆವರೆಗಿನ ತೆಲುಗು ಚಿತ್ರಗಳ ಗಳಿಕೆಯ ದಾಖಲೆ ಮುರಿಯಿತು. ಆದರೆ ಇದನ್ನು ನೋಡಿ 'ಲೀಕ್ ಆದರೆ ಲಾಭವೇ' ಎಂದು ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಅವತ್ತು ದೊಡ್ಡ ಹೀರೋ ಇದ್ದ, ಅಭಿಮಾನಿಗಳ ಸಿಟ್ಟು ಇತ್ತು, ಉಳಿಯಿತು. ಹೊಸಬರ ಸಣ್ಣ ಚಿತ್ರ ಆಗಿದ್ದರೆ?

ಅಂದಹಾಗೆ ಈಗ ಕಾನೂನು ಬಿಗಿಯಾಗಿದೆ. 2023ರಲ್ಲಿ ತಿದ್ದಿದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಿನಿಮಾವನ್ನು ಕದ್ದು ಚಿತ್ರಿಸಿ ಹಂಚಿದರೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಶುರುವಾಗಿ ಚಿತ್ರ ತಯಾರಿಕೆಯ ವೆಚ್ಚದ ಶೇ. 5ರ ತನಕ ಹೋಗಬಹುದು. ಕಂಪ್ಯೂಟರ್ ಆಟಕ್ಕೆ ಈ ಕಾಯ್ದೆ ಬರುವುದಿಲ್ಲ. ಅಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ, ಮಾಹಿತಿ ತಂತ್ರಜ್ಞಾನ ಕಾಯ್ದೆ ಕೆಲಸ ಮಾಡುತ್ತವೆ.

ಮೀಸೆ ಅಂಟಿಸುವ ಮೊದಲೇ ಭೀಮ

ಆಟಗಳ ಲೋಕದಲ್ಲಿ ಇಂಥದ್ದೇ ಎರಡು ಘಟನೆ ಹೇಳಬೇಕು.

'ದ ಲಾಸ್ಟ್ ಆಫ್ ಅಸ್' ಎಂಬ ಆಟದ ಎರಡನೇ ಭಾಗ 2020ರ ಜೂನ್ 19ಕ್ಕೆ ಬಿಡುಗಡೆ ಎಂದಿತ್ತು. ಏಪ್ರಿಲ್ ಕೊನೆಯಲ್ಲಿ ಅದರ ಮುಖ್ಯ ದೃಶ್ಯಗಳು ಹೊರಬಿದ್ದವು. ಇದು ಕಥೆಯನ್ನೇ ನಂಬಿದ ಆಟ, ಸಿನಿಮಾದ ಹಾಗೆ. ಸುಮಾರು ಎರಡು ತಿಂಗಳು ಅಭಿಮಾನಿಗಳು ಇಂಟರ್ನೆಟ್ಟಿಗೆ ಹೋಗಲೇ ಹೆದರುವಂತಾಯಿತು. ಪೂರ್ತಿ ಆಡಿ ನೋಡದೆ, ಕೇಳಿದ್ದರ ಮೇಲೆಯೇ ಬೈದವರೂ ಬಹಳ.

ಎರಡನೆಯದು 'ಜಿಟಿಎ 6'. ಇದಕ್ಕೂ ಕರ್ನಾಟಕಕ್ಕೂ ನಂಟಿದೆ. ಆಟ ಮಾಡುತ್ತಿರುವ ರಾಕ್‌ಸ್ಟಾರ್ ಕಂಪನಿಗೆ ಬೆಂಗಳೂರಿನಲ್ಲೊಂದು ಸ್ಟುಡಿಯೋ ಇದೆ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ, ಭಾರತದ ಮೊದಮೊದಲ ಗೇಮ್ ಕಂಪನಿಯಾದ 'ಧ್ರುವ ಇಂಟರ್‌ಆ್ಯಕ್ಟಿವ್' ಅನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. 2022ರ ಸೆಪ್ಟೆಂಬರ್ 18ರಂದು ಈ ಆಟದ, ಇನ್ನೂ ತಯಾರಾಗುತ್ತಿದ್ದ ಸ್ಥಿತಿಯ 90ರಷ್ಟು ವಿಡಿಯೋ ತುಣುಕುಗಳು ಹೊರಬಂದವು. ಕದ್ದವನು ಇಂಗ್ಲೆಂಡಿನ 17 ವರ್ಷದ ಹುಡುಗ. ಬೇರೆ ಕೇಸಿನಲ್ಲಿ ಜಾಮೀನಿನ ಮೇಲೆ ಒಂದು ಹೋಟೆಲಿನಲ್ಲಿ ಇರಿಸಿದ್ದರು, ಲ್ಯಾಪ್‌ಟಾಪ್ ಕಿತ್ತುಕೊಂಡಿದ್ದರು. ಹೋಟೆಲಿನ ಟೀವಿಗೆ ಒಂದು ಕಡ್ಡಿ ಚುಚ್ಚಿ, ಮೊಬೈಲು ಸೇರಿಸಿ ಕೆಲಸ ಮುಗಿಸಿದ್ದ! 2023ರ ಡಿಸೆಂಬರಿನಲ್ಲಿ ಕೋರ್ಟು ಅವನನ್ನು ಅವಧಿ ಹೇಳದೆ ಭದ್ರತೆಯ ಆಸ್ಪತ್ರೆಗೆ ಕಳಿಸಿತು. ಈ ಒಂದು ಕಳವಿನಿಂದ ಚೇತರಿಸಿಕೊಳ್ಳಲು 50 ಲಕ್ಷ ಡಾಲರ್ ಖರ್ಚಾಯಿತು ಎಂದು ಕಂಪನಿ ಕೋರ್ಟಿಗೆ ಹೇಳಿತು.

ನನಗೆ ಕುತೂಹಲ ಎನಿಸಿದ್ದು ನೋಡಿದವರ ಮಾತು. "ಇಷ್ಟು ಕೆಟ್ಟದಾಗಿದೆಯಾ? ಇದಕ್ಕೆ ಇಷ್ಟು ವರ್ಷ ಬೇಕಿತ್ತಾ?" ಅಂತ ಬಹಳ ಜನ ಆಡಿಕೊಂಡರು. ತಾಲೀಮಿನಲ್ಲಿ, ಮೀಸೆ ಅಂಟಿಸುವ ಮೊದಲೇ ಭೀಮನನ್ನು ನೋಡಿ ನಕ್ಕಂತೆ. ಆಗ ಬೇರೆ ಬೇರೆ ಕಂಪನಿಗಳ ಕೆಲಸಗಾರರು ತಮ್ಮ ಹೆಸರಾಂತ ಆಟಗಳು ಅರ್ಧದಲ್ಲಿ ಎಷ್ಟು ಅವಲಕ್ಷಣವಾಗಿದ್ದವು ಎಂದು ತಾವೇ ವಿಡಿಯೋ ಹಾಕಿ ತೋರಿಸಿದರು. ದೊಡ್ಡ ಮನಸ್ಸು ಅಂದರೆ ಇದು. ಜಿಟಿಎ 6ರ ಬಿಡುಗಡೆ ದಿನ ಎರಡು ಸಲ ಮುಂದೆ ಹೋಯಿತು. 2025ರ ನವೆಂಬರಿನಲ್ಲಿ ಕಂಪನಿ ಹೇಳಿದ ದಿನ 2026ರ ನವೆಂಬರ್ 19.

ಇಲ್ಲಿ ನಮ್ಮ ಓದುಗರಿಗೆ ಒಂದು ಮಾತು. ಬೆಂಗಳೂರು, ಹೈದರಾಬಾದಿನಲ್ಲಿ ಆಟಗಳನ್ನು ಪರೀಕ್ಷೆ ಮಾಡುವುದೇ ಒಂದು ನೌಕರಿ. ನಮ್ಮ ಹುಡುಗರೂ ಅಲ್ಲಿಗೆ ಹೋಗಬಹುದು. ಸೇರುವಾಗ, ನೋಡಿದ್ದನ್ನು ಹೊರಗೆ ಹೇಳುವುದಿಲ್ಲ ಎಂಬ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಗೆಳೆಯನಿಗೆ ಅಂತ ಒಂದು ಫೋಟೋ ಕಳಿಸಿದರೂ ನೌಕರಿ ಹೋಗುತ್ತದೆ, ಕೇಸೂ ಬೀಳಬಹುದು. ಪೆಡನದ ಕಥೆ ಶುರುವಾದದ್ದೂ ಗೆಳೆತನದಿಂದಲೇ.

ಕಳವು ಬೇಡ, ಅರ್ಲಿ ಆಕ್ಸೆಸ್‌ನಿಂದಲೂ ಗುಟ್ಟು ಸೋರುತ್ತದೆ. ಹೇಗೆಂದರೆ, ಆಟವನ್ನು ಫೋನಿಗೋ ಕಂಪ್ಯೂಟರಿಗೋ ಇಳಿಸಿಕೊಂಡಾಗ ಅದರ ಕಡತಗಳಲ್ಲಿ ಮುಂದಿನ ಭಾಗದ ಚಿತ್ರ, ಧ್ವನಿ, ಮಾತು ಎಷ್ಟೋ ಸಲ ಸೇರಿಯೇ ಬಂದಿರುತ್ತವೆ. ಬಲ್ಲವರು ಅಗೆದು ತೆಗೆಯುತ್ತಾರೆ. ಯೂಟ್ಯೂಬಿನಲ್ಲಿ 'ಮುಂದಿನ ತಿಂಗಳ ರಾಯಲ್ ಪಾಸ್ ಲೀಕ್' ಅಂತ ತೆಲುಗಿನಲ್ಲಿ, ಹಿಂದಿಯಲ್ಲಿ ಬರುವ ವಿಡಿಯೋಗಳಿಗೆ ಸರಕು ಇಂಥದ್ದೇ. ಅದರಲ್ಲಿ ಸೋರುವುದು ಹೊಸ ಬಟ್ಟೆ, ಹೊಸ ಬಂದೂಕು. ಅಂಥ ಆಟಕ್ಕೆ ಕಥೆಯೇ ಇಲ್ಲ, ಕೆಡುವುದೇನು?

ಕಥೆ ಇರುವ ಆಟದವರು ಜಾಣರಾಗಿದ್ದಾರೆ. 'ಹೇಡೀಸ್' ಎಂಬ ಆಟ 2018ರ ಡಿಸೆಂಬರಿನಿಂದ ಅರ್ಲಿ ಆಕ್ಸೆಸ್‌ನಲ್ಲಿತ್ತು. ಆದರೆ ಕಥೆಯ ಕೊನೆಯನ್ನು 2020ರ ಸೆಪ್ಟೆಂಬರಿನ ಪೂರ್ತಿ ಬಿಡುಗಡೆಗೇ ಎತ್ತಿಟ್ಟರು. ಬೆಲ್ಜಿಯಂನ ಲೇರಿಯನ್ ಕಂಪನಿ 'ಬಾಲ್ಡರ್ಸ್ ಗೇಟ್ 3' ಆಟವನ್ನು 2020ರ ಅಕ್ಟೋಬರಿನಲ್ಲಿ ಬಿಟ್ಟಾಗ ಮೊದಲ ಅಂಕ ಮಾತ್ರ ಕೊಟ್ಟಿತು. ಸುಮಾರು ಮೂರು ವರ್ಷ ಆಡುವವರ ಮಾತು ಕೇಳಿ ತಿದ್ದಿ, 2023ರ ಆಗಸ್ಟಿನಲ್ಲಿ ಪೂರ್ತಿ ಆಟ ತಂದಿತು.

ಗುಟ್ಟು ತಿಳಿದರೆ ನಿಜವಾಗಿ ಸವಿ ಕೆಡುತ್ತದೆಯೇ? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣಕಥೆಗಳನ್ನಿಟ್ಟು ಪರೀಕ್ಷೆ ಮಾಡಿ, ಮೊದಲೇ ಕೊನೆ ತಿಳಿದವರು ಹೆಚ್ಚು ಖುಷಿಪಟ್ಟರು ಎಂದು 2011ರಲ್ಲಿ ಬರೆದರು. ಬೇರೆಯವರು ಆಮೇಲೆ ನಡೆಸಿದ ಪರೀಕ್ಷೆಗಳಲ್ಲಿ ತಿರುಗಾ ಮುರುಗಾ ಬಂದದ್ದೂ ಉಂಟು. ಬಯಲಾಟ ನೋಡುವ ನಮಗೆ ಇದು ಹೊಸದಲ್ಲ. ಕೀಚಕ ಸಾಯುತ್ತಾನೆ ಎಂದು ಗೊತ್ತಿಲ್ಲದವನು ಯಾರಿದ್ದಾನೆ? ಆದರೂ ಬೆಳಗಿನ ಜಾವದ ತನಕ ಕೂರುತ್ತೇವೆ. ಹೇಗೆ ಸಾಯುತ್ತಾನೆ, ಈ ವರ್ಷದ ಭೀಮ ಹೇಗೆ ಕುಣಿಯುತ್ತಾನೆ ಅಂತ. ಆದರೆ ನನ್ನ ಅನಿಸಿಕೆ, ಕಂಪ್ಯೂಟರ್ ಆಟಕ್ಕೆ ಈ ಮಾತು ಪೂರ್ತಿ ಹೊಂದುವುದಿಲ್ಲ. ಅಲ್ಲಿ ನೋಡುವವನೇ ಭೀಮ. ಯಾವ ಬಾಗಿಲು ತೆರೆಯಬೇಕು, ಯಾರನ್ನು ನಂಬಬೇಕು ಎಂದು ಅವನೇ ತೀರ್ಮಾನಿಸಬೇಕು. ಉತ್ತರ ಮೊದಲೇ ಹೇಳಿಬಿಟ್ಟರೆ ಒಗಟನ್ನು ಒಡೆಯುವ ಕೆಲಸವೇ ಉಳಿಯುವುದಿಲ್ಲ.

ಕಾಸಿನ ವಿಷಯ

ಇನ್ನು ದುಡ್ಡಿಗೆ ಬರೋಣ. ಅರ್ಲಿ ಆಕ್ಸೆಸ್ ಆಟ ಪೂರ್ತಿಯಾಗಿಯೇ ತೀರುತ್ತದೆ ಎಂಬ ಭರವಸೆ ಇಲ್ಲ. ಸ್ಟೀಮ್ ತನ್ನ ಪುಟದಲ್ಲೇ ಇದನ್ನು ಬರೆದಿರುತ್ತದೆ: ಈಗ ಇರುವ ಸ್ಥಿತಿ ಇಷ್ಟವಾದರೆ ಮಾತ್ರ ಕೊಳ್ಳಿ, ಮುಂದೆ ಬದಲಾಗಲೂಬಹುದು, ಬದಲಾಗದೆಯೂ ಇರಬಹುದು ಎನ್ನುವ ಅರ್ಥದಲ್ಲಿ. 'ಡೇಝೀ' ಎಂಬ ಆಟ 2013ರ ಡಿಸೆಂಬರಿನಿಂದ 2018ರ ಡಿಸೆಂಬರಿನ ತನಕ ಐದು ವರ್ಷ ತಾಲೀಮಿನಲ್ಲೇ ಇತ್ತು. 'ದ ಡೇ ಬಿಫೋರ್' ಎಂಬುದು ಇನ್ನೂ ವಿಚಿತ್ರ. 2023ರ ಡಿಸೆಂಬರ್ 7ಕ್ಕೆ ಅರ್ಲಿ ಆಕ್ಸೆಸ್ ಎಂದು ಬಂತು, ನಾಲ್ಕು ದಿನಕ್ಕೆ ಕಂಪನಿಯೇ ಬಾಗಿಲು ಹಾಕುತ್ತೇವೆ ಎಂದಿತು. 2024ರ ಜನವರಿ 22ಕ್ಕೆ ಆಟ ನಿಂತಿತು. ಕೊಂಡವರಿಗೆ ದುಡ್ಡು ವಾಪಸು ಬಂತು, ಪುಣ್ಯ.

ಸ್ಟೀಮ್‌ನಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸು ಕೊಡಬಹುದು. ಅರ್ಲಿ ಆಕ್ಸೆಸ್ ಆಟಕ್ಕೂ ಈ ಲೆಕ್ಕ ಇದೆ. 2024ರ ಏಪ್ರಿಲಿನಿಂದ ಬೆನಿಫಿಟ್ ಷೋ ದಿನಗಳಲ್ಲಿ ಆಡಿದ ಗಂಟೆಗಳನ್ನೂ ಇದರಲ್ಲೇ ಸೇರಿಸುತ್ತಾರೆ. ಅದಕ್ಕೆ ಮೊದಲು ಬಿಡುಗಡೆಗೆ ಮುಂಚೆಯೇ ಪೂರ್ತಿ ಆಡಿ ಮುಗಿಸಿ ದುಡ್ಡು ವಾಪಸು ಕೇಳಿದ ಬುದ್ಧಿವಂತರೂ ಇದ್ದರು.

ಫೋನಿನ ವಿಷಯ ಬೇರೆ. ಗೂಗಲ್ ಪ್ಲೇ ಸ್ಟೋರಿನ ನಿಜವಾದ ಅರ್ಲಿ ಆಕ್ಸೆಸ್‌ಗೆ ಸೇರಬೇಕಾದರೆ ಸ್ಟೋರಿನ ಒಳಗಿಂದಲೇ ಸೇರಬೇಕು. ಸ್ಲಾಟ್ ತುಂಬಿದೆ ಎಂದರೆ ತುಂಬಿದೆ, ಅಷ್ಟೇ. ಹಿತ್ತಲ ಬಾಗಿಲು ಇಲ್ಲ. ವಾಟ್ಸಪ್ಪಿನಲ್ಲೋ ಟೆಲಿಗ್ರಾಮಿನಲ್ಲೋ ಬರುವ ಫೈಲಿನ ಒಳಗೆ ಏನಿದೆ ಎಂದು ಯಾರೂ ಹೇಳಲಾರರು. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಸೈಬರ್ ವಂಚನೆಗೆ ಇಡೀ ದೇಶಕ್ಕೆ ಅದೊಂದೇ ನಂಬರು. ಮೊದಲ ಕೆಲವು ಗಂಟೆಯಲ್ಲಿ ಹೇಳಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಮ್ಮ ಓಣಿಯಲ್ಲಿ ಅವತ್ತು ಇದು ಯಾರಿಗೂ ಗೊತ್ತಿರಲಿಲ್ಲ, ಪತ್ರಿಕೆಗೆ ಬರೆಯುವ ನನಗೂ.

ಬಿಜಿಎಂಐ ಬಂದಾಗ 18 ತುಂಬದವರಿಗೆ ಒಂದಿಷ್ಟು ಕಟ್ಟುಪಾಡು ಇಟ್ಟಿದ್ದರು. ಅಪ್ಪ ಅಮ್ಮನ ಫೋನ್ ನಂಬರು ಬೇಕು, ದಿನಕ್ಕೆ ಮೂರು ಗಂಟೆ ಮಾತ್ರ ಆಟ, ದಿನಕ್ಕೆ ಖರ್ಚು 7,000 ರೂಪಾಯಿ ಮೀರಬಾರದು. ಏಳು ಸಾವಿರ! ದಿನಕ್ಕೆ! ಕೌತಾಳಂ, ಕೋಸಗಿಯ ಕಡೆ ಅದನ್ನು ಮಿತಿ ಎಂದು ಯಾರೂ ಕರೆಯುವುದಿಲ್ಲ. ಅದೇ ಆಟವನ್ನು 2022ರ ಜುಲೈ ಕೊನೆಯಲ್ಲಿ ಸರ್ಕಾರದ ಆದೇಶದಂತೆ ಸ್ಟೋರಿನಿಂದ ತೆಗೆದರು, 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪರೀಕ್ಷೆಯ ಷರತ್ತಿನ ಮೇಲೆ ಮತ್ತೆ ಬಿಟ್ಟರು. ಆ ಹತ್ತು ತಿಂಗಳೂ ನಕಲಿ ಲಿಂಕಿನವರಿಗೆ ಸುಗ್ಗಿಯೋ ಸುಗ್ಗಿ.

ಎರಡು ವಾರ ಯಾಕೆ ತಡೆಯಲಾಗಲಿಲ್ಲ ಎಂದು ಆಗ ಕೇಳಿದ್ದೆನಲ್ಲ. ಆ ಪ್ರಶ್ನೆಯನ್ನು ಹುಡುಗನನ್ನೇ ಕೇಳಿದ್ದೆ. "ಆದೋನಿಯಾಗ ನನ್ನ ದೋಸ್ತಗ ಸಿಕ್ಕಿತ್ತು ಮಾಮ. ಅವ ದಿನಾ ರಾತ್ರಿ ಫೋನ್ ಮಾಡಿ ಅದು ಹಿಂಗೈತಿ, ಇದು ಹಂಗೈತಿ ಅಂತ ಹೇಳ್ತಿದ್ದ. ನನಗ ಹೇಳಾಕ ಏನೂ ಇರಲಿಲ್ಲ" ಎಂದ. ಶಾಲೆ ಇಲ್ಲ, ಗೆಳೆಯರ ಮುಖ ನೋಡಿ ಒಂದೂವರೆ ವರ್ಷ. ಮಾತಾಡಲು ಇದ್ದ ವಿಷಯ ಅದೊಂದೇ. ಅವನಿಗೆ ಬೇಕಾಗಿದ್ದದ್ದು ಆಟವಲ್ಲವೇನೋ ಅಂತ ನನಗೆ ಆಗ ಅನ್ನಿಸಿತು.

ಹುಡುಗ ಈಗ ಆದೋನಿಯಲ್ಲಿ ಡಿಗ್ರಿ ಓದುತ್ತಾನೆ. ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಾನೆ. ಮೊನ್ನೆ ಗೆಳೆಯನ ಹಳೆಯ ಲ್ಯಾಪ್‌ಟಾಪ್ ಹೊತ್ತುಕೊಂಡು ಕಟ್ಟೆಗೆ ಬಂದ. "ಮಾಮ, ಇದೊಂದು ಆಟ. ಅರ್ಲಿ ಆಕ್ಸೆಸ್ ಅಂತ ಬರದೈತಿ. ತಗೊಳ್ಳೇನು?" ಎಂದ. ಈ ಸಲ ಡಿಕ್ಷನರಿ ತೆಗೆಯಲಿಲ್ಲ. ಇಬ್ಬರೂ ಕೂತು ಪುಟವನ್ನು ಮೇಲಿನಿಂದ ಕೆಳಗೆ ಓದಿದೆವು. ಕೊನೆಯಲ್ಲಿ, ಆಟವನ್ನು ಕಡೆಯ ಸಲ ತಿದ್ದಿದ ದಿನಾಂಕ ಇತ್ತು. ಹದಿನಾಲ್ಕು ತಿಂಗಳ ಹಿಂದಿನದು. ಹುಡುಗ ನನ್ನ ಮುಖ ನೋಡಿದ, ಲ್ಯಾಪ್‌ಟಾಪ್ ಮುಚ್ಚಿ "ಚಾ ಕುಡಿಯೋಣ ಬಾ ಮಾಮ" ಎಂದ.